ಬೂದಿಗುಂಡಿಯಲ್ಲಿ ಹೊರಳಿದ ಮೇಲೆ

ಹೊಳೆ ದಾಟುವ ಮುನ್ನ ತಮ್ಮಲ್ಲೊಬ್ಬ ಮುಂದಾಳನ್ನು ಆರಿಸಿಕೊಳ್ಳುವುದು ಹೇರು ಹೊರುವ ಕತ್ತೆಗಳ ಪದ್ಧತಿ. ತಾವು ಒಪ್ಪಿದವನ ಹಿಂದೆ ಹೋಗಿ ನಿಂತರೆ ಅದೇ ಮತ. ಆ ವರ್ಷ ಹೊಳೆ ತುಂಬಿತ್ತು. ದಾರಿ ತಪ್ಪಿದರೆ ಮರಿಗಳು ಉಳಿಯುವಂತಿರಲಿಲ್ಲ.

"ನಿಮ್ಮ ಬೆನ್ನು ಹುಣ್ಣಾದದ್ದು ಭಾರವನ್ನೆಲ್ಲ ನಿಮಗೇ ಬಿಡುವ ಆ ಹೇಸರಗತ್ತೆಗಳಿಂದ! ನನ್ನನ್ನು ಆರಿಸಿ, ಒದ್ದು ಓಡಿಸುತ್ತೇನೆ," ಎಂದು ಕೆಂಚ ಅರಚಿದ.

"ಬಂಡೆಗಳ ಬಳಿ ನೀರು ಹೊಟ್ಟೆ ಮುಟ್ಟುವುದಿಲ್ಲ. ಅಲ್ಲಿ ದಾಟಿಸುತ್ತೇನೆ," ಎಂದಷ್ಟೇ ಹೇಳಿದ ಇನ್ನೊಬ್ಬ ಹುರಿಯಾಳು ಮೋಟ.

ಮುದಿ ಕತ್ತೆ ಹೊನ್ನಿಯ ಬೆನ್ನು ಉರಿಯುತ್ತಿತ್ತು. ಕಾಲುಗಳು ತಾವಾಗಿಯೇ ಕೆಂಚನ ಕಡೆ ಹೊರಟವು. ನಡುವೆ ಬೂದಿಗುಂಡಿ ಸಿಕ್ಕಿತು. ಉರಿ ತಾಳದೆ ಅದರಲ್ಲಿ ಹೊರಳಾಡಿ ಎದ್ದಳು. ಬೆನ್ನಿನ ಉರಿ ತಣಿದಿತ್ತು. ಎದ್ದವಳಿಗೆ ಸೋಜಿಗ! ಕೆಂಚನ ಮಾತು ಅದೇ, ಕಿವಿಗೆ ಮಾತ್ರ ಈಗ ಬರೀ ಗದ್ದಲ.

"ಒದೆಯೋದೇನೋ ಸರಿ ಕಣಪ್ಪ ಕೆಂಚ, ಹೊಳೆ ಎಲ್ಲಿ ದಾಟಿಸ್ತೀಯ?"

"ಮೊದಲು ಹೇಸರಗತ್ತೆ, ಆಮೇಲೆ ಹೊಳೆ, ಅಜ್ಜಿ!"

"ಹಾಗಾದರೆ ಎಲ್ಲರೂ ಒಮ್ಮೆ ಹೊರಳಾಡಿ ಬನ್ನಿ ಮಕ್ಕಳೇ. ಆಮೇಲೆ ಬೇಕಾದವನ ಹಿಂದೆ ನಿಲ್ಲಿ."

"ಹೊತ್ತಿಲ್ಲ! ಈಗಲೇ ನಿಲ್ಲಿ!" ಎಂದ ಕೆಂಚ.

ಮೂಟೆ ಬಿಚ್ಚಿ ತೋರಿಸದೆ ಬೆಲೆ ಕೂಗುವವನ ಅವಸರವನ್ನು ಹೊನ್ನಿ ಎಷ್ಟೋ ಸಂತೆಗಳಲ್ಲಿ ಕಂಡಿದ್ದಳು. ಅವಳು ಗುಂಡಿಯ ದಾರಿ ಬಿಟ್ಟು ನಿಂತಳು. ಕತ್ತೆಗಳು ಹೊರಳಾಡಿದವು. ಎದ್ದಮೇಲೆ ಹೆಚ್ಚಿನವು ಮೋಟನ ಹಿಂದೆ ನಿಂತವು. ಮರಿಗಳೆಲ್ಲ ಆಚೆ ದಡ ಸೇರಿದವು.

ಮರುವರ್ಷ ಆಯ್ಕೆಯ ದಿನ ಬೂದಿಗುಂಡಿಯ ತುಂಬ ಜಾಲಿಮುಳ್ಳು ಬಿದ್ದಿತ್ತು. ಯಾರು ಹಾಕಿದರೆಂದು ಹೊನ್ನಿ ಕೇಳಲಿಲ್ಲ. ಉರಿಯುವ ಬೆನ್ನಿನಲ್ಲೇ ಬಗ್ಗಿ, ಹಲ್ಲಿನಿಂದ ಒಂದೊಂದೇ ಮುಳ್ಳನ್ನು ಎಳೆದುಹಾಕತೊಡಗಿದಳು.