ಈರಬಸಪ್ಪನ ಮುರುಕು ಸೆರಗು

ಈ ಸೀಮೆಯ ನೇಕಾರರಿಗೆ ಕಂಪ್ಯೂಟರ್ ಪಳಗಿಸಿಕೊಟ್ಟವನು ನಾನೇ. ಸುಳ್ಳು, ಬಿಡಿ, ನಾನಿನ್ನೂ ತೊಟ್ಟಿಲಿಗೂ ಬಂದಿರಲಿಲ್ಲ. ಬಹಳ ಹಿಂದೆ, ಕಂಚಿನಗುಡ್ಡ ಎಂಬ ಮಗ್ಗದ ಊರಲ್ಲಿ ಈರಬಸಪ್ಪ ಅಂತ ಒಬ್ಬನಿದ್ದನಂತೆ. ಪಳಗಿಸಿದವನು ಅವನು.

ಸೀರೆಯ ಚಿತ್ತಾರಕ್ಕೆ ರಟ್ಟು ಕೊರೆಯುವುದು ಅವನ ಕಸುಬು. ರಟ್ಟಿನಲ್ಲಿ ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಮಲಗುತ್ತದೆ. ರಟ್ಟು ಹೇಳಿದ್ದನ್ನು ನೇಕಾರ ಮರುಮಾತಿಲ್ಲದೆ ನೇಯಬೇಕು. ಆ ಊರಿನ ಕಟ್ಟುಪಾಡು ಅದು. ಆಮೇಲೆ ನೇಕಾರರ ಸೊಸೈಟಿಗೆ ರಟ್ಟು ಕೊರೆಯುವ ಯಂತ್ರ ಬಂತು, ಜೊತೆಗೊಂದು ಲಿನಕ್ಸ್ ಕಂಪ್ಯೂಟರ್. ಏಳುವ ಎಳೆಗೆ ಒಂದು ಅಕ್ಷರ, ಮಲಗುವ ಎಳೆಗೆ ಖಾಲಿ ಜಾಗ, ಹೀಗೆ ಸಾಲು ಸಾಲಾಗಿ ಟೈಪು ಮಾಡಿದರೆ ಯಂತ್ರ ಕೊರೆಯುತ್ತಿತ್ತು.

ಟೈಪು ಮಾಡಲು ಅದರೊಳಗಿದ್ದ ಎಡಿಟರ್ ಎಂಬ ಪ್ರೋಗ್ರಾಮಿಗೆ ಒಂದು ಹುಟ್ಟುಗುಣ. ಸಾಲು ಉದ್ದವಾಯಿತೋ, ಕೇಳದೆ ಮುರಿದು ಕೆಳಗೆ ಹಾಕುತ್ತಿತ್ತು. ಮುರಿದ ಕಡೆಯ ಖಾಲಿ ಜಾಗಗಳನ್ನು ನುಂಗುತ್ತಿತ್ತು. ಊರವರು ಅದನ್ನೂ ರಟ್ಟಿನ ಅಪ್ಪಣೆಯಂತೆ ಒಪ್ಪಿ, ತಮ್ಮ ಚಿತ್ತಾರಗಳನ್ನೇ ಕಿರಿದು ಮಾಡಿಕೊಂಡರಂತೆ.

“ಇದೇನು ರಟ್ಟೇನ್ರೋ, ಹೇಳಿದ್ದೆಲ್ಲ ಕೇಳಾಕ?” ಅಂದನಂತೆ ಈರಬಸಪ್ಪ. ಎಡಿಟರಿನ ಸಹಾಯದ ಪುಟಗಳನ್ನು ಮೂರು ಶ್ರಾವಣ ಓದಿದನಂತೆ. ಕೊನೆಗೆ, ಹೆಸರಿನ ಮುಂದೆ ಚುಕ್ಕೆಯಿಟ್ಟುಕೊಂಡು ಪಟ್ಟಿಯಲ್ಲಿ ಕಾಣಿಸದೆ ಕೂತಿದ್ದ, ಎಡಿಟರಿನ ಕಟ್ಟಳೆಗಳ ಫೈಲೊಂದನ್ನು ಹಿಡಿದು, ಸಾಲು ಮುರಿಯಬೇಡ ಎಂಬರ್ಥದ ಒಂದೇ ಸಾಲು ಬರೆದ. ಎಡಿಟರು ಗಪ್ಪಾಯಿತು. ಆ ದಿನ ಊರಿನ ಮಗ್ಗಗಳೆಲ್ಲ ತಾವಾಗಿಯೇ ನೇಯ್ದವು ಅಂತಾರೆ. ನಾನು ನಂಬುವುದಿಲ್ಲ, ನೀವು ನಂಬಿ.

ಅವನಿಗೆ ಬೇಕಿದ್ದದ್ದು ಒಂದೇ ಚಿತ್ತಾರ: ಹೆಂಡತಿ ಗಂಗಮಾಳವ್ವ ಕಟ್ಟಿದ್ದ, ನವಿಲುಗಳ ಅಗಲ ಸೆರಗು. ಅವಳು ತೀರಿಹೋಗಿದ್ದಳು. ಆ ಚಿತ್ತಾರದ ರಟ್ಟುಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದು ಆ ಸೆರಗಿನ ಒಂದೇ ಒಂದು ಸೀರೆ. ಅವನ ಕಣ್ಣೋ, ದಿನದಿನಕ್ಕೆ ಮಂಜಾಗುತ್ತಿತ್ತು. ಹಾಗಾಗಿ ಸೆರಗನ್ನು ಎಳೆ ಎಳೆಯಾಗಿ ಬಿಚ್ಚುತ್ತ, ಬೆರಳಲ್ಲಿ ಎಣಿಸುತ್ತ, ಟೈಪು ಮಾಡುತ್ತ ಹೋದ.

ಪಕ್ಕದ ಮಗ್ಗದ ಸಂಕವ್ವ, “ಬಿಚ್ಚಿದ್ದು ಮತ್ತ ಬರೂದಿಲ್ಲ, ಮಾವ,” ಅಂದಳಂತೆ.

“ಬಿಚ್ಚಲಿಲ್ಲಂದ್ರ ಬೆರಳಿಗೆ ಕಾಣೂದಿಲ್ಲ, ಯವ್ವಾ,” ಅಂದನಂತೆ.

ಅರ್ಧ ಮುಗಿದಾಗ ಕಂಪ್ಯೂಟರ್ ಕೆಟ್ಟಿತು. ರಿಪೇರಿಗೆ ಬಂದವನು ಕಣ್ಣಿಗೆ ಕಂಡ ಫೈಲುಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟು, ಮಿಕ್ಕಿದ್ದನ್ನು ಅಳಿಸಿ, ಹೊಸದಾಗಿ ಹಾಕಿಕೊಟ್ಟ. ಚುಕ್ಕೆಯ ಫೈಲು ಅವನ ಕಣ್ಣಿಗೆ ಬಿದ್ದಿರಲಿಲ್ಲ, ಅದರ ಜೊತೆ ಆ ಒಂದು ಸಾಲೂ ಅಳಿಸಿಹೋಯಿತು. ಈರಬಸಪ್ಪನಿಗೆ ಅಷ್ಟೊತ್ತಿಗೆ ಪರದೆಯೇ ಕಾಣುತ್ತಿರಲಿಲ್ಲ. ಅವನು ಎಳೆ ಬಿಚ್ಚುತ್ತ ಕೀಲಿ ಬಡಿಯುತ್ತ ಹೋದ. ಎಡಿಟರು ಮುರಿಯುತ್ತ ನುಂಗುತ್ತ ಹೋಯಿತು.

ಯಂತ್ರ ಕೊರೆಯಿತು. ಸಂಕವ್ವ ನೇಯ್ದಳು. ಸೆರಗಿನ ಅರ್ಧಕ್ಕೆ ಬರುವಾಗ ನವಿಲಿನ ಕುತ್ತಿಗೆ ಒಂದು ಕಡೆ, ಮೈ ಒಂದು ಕಡೆ. ಅವಳು ಲಾಳಿ ಎಸೆಯುತ್ತಲೇ ಹೋದಳು. ರಟ್ಟಿಗೆ ಎದುರಾಡಿ ಅವಳಿಗೆ ಗೊತ್ತಿರಲಿಲ್ಲ.

ಈರಬಸಪ್ಪ ಸೆರಗಿನ ಮೇಲೆ ಬೆರಳಾಡಿಸಿದ. ಅರ್ಧದವರೆಗೂ ನಗುತ್ತಿದ್ದನಂತೆ. ಆಮೇಲೆ ಬೆರಳು ನಿಂತಿತು. ಎಡಿಟರು ನುಂಗಿದ ಖಾಲಿ ಜಾಗ ಎಲ್ಲೆಲ್ಲಿ ಎಷ್ಟಿತ್ತು ಅಂತ ಕೇಳಲು ಹಳೆ ಸೀರೆ ಇರಲಿಲ್ಲ. ಮಡಿಲಲ್ಲಿ ನೂಲಿನ ಗುಡ್ಡೆಯಿತ್ತು.

“ಮೊದಲಿನ ಅರ್ಧ ಅಕಿದು,” ಅಂದನಂತೆ. “ಉಳಿದದ್ದು ನಂದು.”

ಆ ಮಳೆಗಾಲ ಅವನು ದಾಟಲಿಲ್ಲ.

ಇವತ್ತಿಗೂ ಕಂಚಿನಗುಡ್ಡಕ್ಕೆ ಹೊಸ ಕಂಪ್ಯೂಟರ್ ಬಂದರೆ, ಕುಂಕುಮ ಹಚ್ಚುವ ಮೊದಲೇ ಆ ಒಂದು ಸಾಲು ಬರೆಯುತ್ತಾರೆ. ಆ ಸೆರಗನ್ನೂ ನೇಯುತ್ತಾರೆ, ಅರ್ಧ ನೆಟ್ಟಗೆ, ಅರ್ಧ ಮುರಿದು. ಒಂದು ಎಳೆಯನ್ನೂ ಯಾರೂ ತಿದ್ದುವುದಿಲ್ಲ.

ನನ್ನ ಚಹಾದ್ದು ನೀವೇ ಕೊಟ್ಟುಬಿಡಿ. ಇಷ್ಟು ಹೇಳಿದ ಮೇಲೆ ಜೇಬಿಗೆ ಕೈ ಹಾಕುವ ಚೈತನ್ಯ ಇರುವುದಿಲ್ಲ.