ತಂಗಿಗುಮ್ಮಟ

ಡೋಣಿ ನದಿಯ ಎಡದಂಡೆಯ ಎರೆಹೊಲಗಳ ನಡುವೆ, ಕರಿಕಲ್ಲಹಾಳದ ಹಾಳುಕೋಟೆಗೆ ಮೂಡಣ ದಿಕ್ಕಿನಲ್ಲಿ, ನೆತ್ತಿ ಒಡೆದ ಗುಮ್ಮಟವೊಂದಿದೆ. ಜೋಳ ಆಳೆತ್ತರ ಬೆಳೆದಾಗ ದೂರದಿಂದ ಬರುವವರಿಗೆ ಅದರ ಗೋಡೆಗಳು ಕಾಣುವುದಿಲ್ಲ. ಗುಮ್ಮಟವೊಂದೇ ಪೈರಿನ ಮೇಲೆ ತೇಲುತ್ತಿರುವಂತೆ ತೋರುತ್ತದೆ. ಒಳಗೆ ಕಂಬವಿಲ್ಲ, ತೊಲೆಯಿಲ್ಲ. ಇಷ್ಟು ಕಲ್ಲು ಯಾವ ಆಧಾರವೂ ಇಲ್ಲದೆ ನಿಂತದ್ದು ಹೇಗೆ ಎಂದು ಕೇಳಿದರೆ ನಮ್ಮೂರ ಗವಂಡಿಗಳು, ಅಂದರೆ ಕಲ್ಲುಗಾರೆಯವರು, ಹೇಳುವುದಿಷ್ಟೆ: ಗುಮ್ಮಟದ ಪ್ರತಿ ಕಲ್ಲೂ ಒಳಕ್ಕೆ ಬೀಳಲು ನೋಡುತ್ತದೆ, ಆದರೆ ಸುತ್ತು ಬಳೆಯಂತೆ ಕೂಡಿಕೊಂಡ ಮೇಲೆ ಅಕ್ಕಪಕ್ಕದ ಕಲ್ಲು ಅದನ್ನು ಬೀಳಗೊಡುವುದಿಲ್ಲ, ಸುತ್ತು ಕೂಡುವ ತನಕ ಮಾತ್ರ ಕೆಳಗಿನಿಂದ ಕಟ್ಟಿಗೆಯ ಆಸರೆ ಬೇಕು. ಇದು ಯಾವನೋ ಕಿಲ್ಲೇದಾರನ ಸಮಾಧಿ ಎಂದು ಹೊರಗಿನವರು ಬರೆದುಕೊಂಡು ಹೋಗುತ್ತಾರೆ. ಊರವರು ಮಾತ್ರ ತಂಗಿಗುಮ್ಮಟ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಕೋಟೆಯನ್ನು ದಿಲದಾರ ಬೇಗನೆಂಬ ಮುದಿ ಕಿಲ್ಲೇದಾರ ಆಳುತ್ತಿದ್ದನಂತೆ. ಅವನಿಗೆ ಇಬ್ಬರು ಮಕ್ಕಳು, ಹಿರಿಯ ಜಾಫರ್, ಕಿರಿಯ ನಸೀರ. ಇಬ್ಬರೂ ಒಬ್ಬರ ನೆರಳನ್ನೊಬ್ಬರು ಸಹಿಸದವರು. ಸಾಯುವ ಹೊತ್ತಿನಲ್ಲಿ ಮುದುಕ ಊರ ಹಿರಿಯರನ್ನು ಕರೆಸಿ, “ನನ್ನ ಗೋರಿಯ ಮೇಲೆ ಗುಮ್ಮಟದ ಕೊನೆಯ ಕಲ್ಲನ್ನು ತನ್ನ ಕೈಯಾರೆ ಇಟ್ಟವನೇ ಕೋಟೆಗೆ ಒಡೆಯ” ಎಂದು ಹೇಳಿ ಕಣ್ಣು ಮುಚ್ಚಿದ. ಮಕ್ಕಳು ಕೂಡಿ ಕಟ್ಟಲೆಂದು ಹಾಗೆ ಹೇಳಿದನೋ, ಇಬ್ಬರಲ್ಲಿ ಗಟ್ಟಿಯಾದವನು ಉಳಿಯಲೆಂದು ಹೇಳಿದನೋ, ಇಂದಿಗೂ ಊರಲ್ಲಿ ಒಮ್ಮತವಿಲ್ಲ. ಕೋಟೆಯೊಳಗಿದ್ದ ಜಾಫರ್ ತಡಮಾಡದೆ ಕೆಲಸ ಹಿಡಿಸಿದ. ಗವಂಡಿ ಮೌಲಾಸಾಬ ಆ ಸೀಮೆಯಲ್ಲೇ ಹೆಸರಾದವನು. ಕಲ್ಲನ್ನು ಬೆರಳಿನಿಂದ ತಟ್ಟಿ ಅದರೊಳಗಿನ ಬಿರುಕನ್ನು ಹೇಳುತ್ತಿದ್ದನಂತೆ. ಅವನ ತಂಗಿ ದಾವಲಬಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ್ದವಳು. ಸುಣ್ಣ, ಮರಳು, ಬೆಲ್ಲದ ನೀರು ಹಾಕಿ ಗಚ್ಚು ಅರೆಯುವ ಗಾಣ ಅವಳ ಉಸ್ತುವಾರಿಯಲ್ಲಿತ್ತು. ಅವಳ ಜೊತೆಗೆ ಗಾಣಕ್ಕೆ ಬರುತ್ತಿದ್ದವಳು ನೆರೆಮನೆಯ ನೀಲವ್ವ. ಈ ಕಥೆ ನಮಗೆ ಉಳಿದದ್ದು ಆ ನೀಲವ್ವನ ಬಾಯಿಂದ.

ಗುಮ್ಮಟ ಮುಕ್ಕಾಲು ಏರಿದ್ದಾಗ ನಸೀರ ಬಾಡಿಗೆಯ ಕುದುರೆ ದಂಡು ಕಟ್ಟಿಕೊಂಡು ಬಂದ. ಕೋಟೆಯ ಬಾಗಿಲಲ್ಲಿ ಹೊತ್ತು ಏರುವ ತನಕ ಕಡಿದಾಟವಾಯಿತು. ಜಾಫರನ ಕಡೆಯವರು ಒಬ್ಬೊಬ್ಬರಾಗಿ ಉರುಳಿದರು. ಕಲ್ಲುಹಾಸಿನ ಮೇಲೆ ರಕ್ತ ಹರಿದು ಕುದುರೆಗಳ ಗೊರಸುಗಳು ಜಾರುತ್ತಿದ್ದವು. ಕೊನೆಗೆ ತಮ್ಮನೇ ಅಣ್ಣನ ಕುತ್ತಿಗೆಗೆ ಕತ್ತಿ ಬೀಸಿದ. ಜಾಫರನ ಹೆಂಡತಿಯನ್ನೂ ಹಾಲುಗೂಸನ್ನೂ ಕೋಟೆಯ ಬಾವಿಗೆ ನೂಕಿ ಮೇಲೆ ಕಲ್ಲು ಎತ್ತಿಹಾಕಿಸಿದ. ಆಮೇಲೆ ನೇರವಾಗಿ ಗುಮ್ಮಟಕ್ಕೆ ಬಂದು, ಅಟ್ಟಣಿಗೆಯ ಮೇಲಿದ್ದ ಮೌಲಾಸಾಬನಿಗೆ ಕೆಲಸ ಮುಂದುವರಿಸಲು ಕೂಗಿ ಹೇಳಿದ. ಮೌಲಾಸಾಬ ಕರಣೆಯನ್ನು ಕೆಳಗಿಟ್ಟು, “ಬಾವ್ಯಾಗಿನ ಕೂಸು ಇನ್ನೂ ನನ್ನ ಕಿವ್ಯಾಗ ಅಳಾಕತ್ತೈತಿ ಹುಜೂರ್. ನನ್ನ ಕೈ ಏಳೂದಿಲ್ಲ” ಎಂದ. ನಸೀರನ ಸನ್ನೆಗೆ ಇಬ್ಬರು ಸಿಪಾಯಿಗಳು ಮೇಲೇರಿ ಅವನ ಎರಡೂ ಮೊಣಕಾಲು ಮುರಿದು ಕೆಳಕ್ಕೆ ಎಸೆದರು. ಅವನು ಬಿದ್ದದ್ದು ಗಚ್ಚಿನ ತೊಟ್ಟಿಯ ಅಂಚಿಗೆ, ತಂಗಿಯ ಕಣ್ಣೆದುರಿಗೆ. ತಲೆ ಒಡೆದು, ಬಿಳಿಯ ಗಚ್ಚು ಕೆಂಪಾಯಿತು. ಅಷ್ಟಕ್ಕೂ ಬಿಡದೆ ದಂಡಿನವರು ಗವಂಡಿಗಳ ಓಣಿಗೆ ಬೆಂಕಿ ಹಚ್ಚಿದರು. ಓಡಿಬಂದ ಗಂಡಸರನ್ನು ಓಣಿಯ ಬಾಯಲ್ಲೇ ಭರ್ಚಿಯಿಂದ ತಿವಿದು ಕೆಡವಿದರು. ಗುಮ್ಮಟ ಕಟ್ಟುವುದನ್ನು ಬಲ್ಲ ಒಬ್ಬನೂ ಉಳಿಯಲಿಲ್ಲ.

ಮಾಡಿದ್ದು ಎಂಥ ಹುಚ್ಚು ಎಂಬುದು ನಸೀರನಿಗೆ ಗೊತ್ತಾದದ್ದು ಹೊಗೆ ಆರಿದ ಮೇಲೆ. ಊರ ಹಿರಿಯರು ಕೈಮುಗಿದರಾದರೂ ಅವನನ್ನು ಒಡೆಯನೆಂದು ಕರೆಯಲಿಲ್ಲ. ಕೊನೆಯ ಕಲ್ಲು ಎಲ್ಲಿ ಎಂದು ಕೇಳಿದರು. ಅಕ್ಕಪಕ್ಕದ ಕೋಟೆಗಳವರೂ ಅದನ್ನೇ ಕೇಳಿ ಕಳಿಸಿದರು. ಪರವೂರಿನ ಗವಂಡಿಗಳು, ಮೌಲಾಸಾಬನಿಗೆ ಆದದ್ದನ್ನು ಕೇಳಿ, ಈ ದಿಕ್ಕಿಗೆ ತಲೆಹಾಕಲಿಲ್ಲ. ಆಗ ದಾವಲಬಿ ಕೋಟೆಯ ಬಾಗಿಲಿಗೆ ಹೋಗಿ, “ಅಣ್ಣನ ಕೂಡ ಇದ್ದು ಕಲ್ತೀನ್ರಿ. ನಾ ಮುಗಿಸ್ತೀನಿ” ಎಂದಳು. ಅವಳ ಕೈಕೆಳಗೆ ಸಿಪಾಯಿಗಳೇ ಕಲ್ಲು ಹೊತ್ತರು. ಇಡೀ ಊರು ಅವಳಿಗೆ ಬೆನ್ನು ತಿರುಗಿಸಿತು. ನೀಲವ್ವ ದಾರಿಯಲ್ಲಿ ತಡೆದು, “ಅಣ್ಣನ ರಕ್ತ ಇನ್ನೂ ಆರಿಲ್ಲ. ಅವನ ಕೊಂದಾವನ ಕೂಳು ಹ್ಯಾಂಗ ಇಳೀತೈತಿ ನಿನ್ನ ಗಂಟಲದಾಗ?” ಎಂದು ಮುಖಕ್ಕೆ ಉಗುಳಿದಳು. ದಾವಲಬಿ ಸೆರಗಿನಿಂದ ಒರೆಸಿಕೊಂಡು ಕೆಲಸಕ್ಕೆ ನಡೆದಳು.

ಸುತ್ತಿನ ಮೇಲೆ ಸುತ್ತು ಏರಿ ಗುಮ್ಮಟ ನೆತ್ತಿಗೆ ಬಂತು. ಕೆಳಗಿನ ಸುತ್ತುಗಳನ್ನು ಅವಳು ಅಣ್ಣನಷ್ಟೇ ಚೊಕ್ಕವಾಗಿ ಕೂಡಿಸಿದಳು. ನೆತ್ತಿಯ ಸುತ್ತುಗಳಿಗೆ ಮಾತ್ರ ಗಚ್ಚು ಹಾಕಲಿಲ್ಲ. ಕಲ್ಲು ಕಲ್ಲಿನ ನಡುವೆ ಸಂದು ಬಿಟ್ಟು ಎರೆಮಣ್ಣು ತುಂಬಿ, ಮೇಲೆ ತೆಳ್ಳಗೆ ಸುಣ್ಣ ಬಳಿದಳು. ಆ ಭಾರವೆಲ್ಲ ಒಳಗೆ ಆಸರೆಗೆ ನಿಲ್ಲಿಸಿದ ಒಂದೇ ದಪ್ಪ ಕಟ್ಟಿಗೆಯ ಕಂಬದ ಮೇಲೆ, ಆ ಕಂಬ ಬುಡದ ಒಂದು ಬೆಣೆಯ ಮೇಲೆ ನಿಂತಿತ್ತು. ಕಲ್ಲು ಹೊತ್ತುತಂದ ಸಿಪಾಯಿಗಳಿಗೆ ಅದು ತಿಳಿಯಲಿಲ್ಲ. ಆದರೆ ನಸೀರ ಸಂಶಯದ ಮನುಷ್ಯ. ಕಲ್ಲಿಡುವ ದಿನ ಊರನ್ನೆಲ್ಲ ಕೂಡಿಸಿ, ಏಣಿ ಹತ್ತುವ ಮೊದಲು ಅವಳಿಗೆ, “ನೀನು ಒಳಗೆ, ನನ್ನ ಕಾಲ ಕೆಳಗೇ ನಿಲ್ಲಬೇಕು. ಏನಾದರೂ ಬಿದ್ದರೆ ನಿನ್ನ ತಲೆಯ ಮೇಲೆ ಬೀಳಲಿ” ಎಂದ.

“ಅಲ್ಲೇ ನಿಲ್ತೀನ್ರಿ, ಹುಜೂರ್” ಎಂದಳು ದಾವಲಬಿ.

ಒಳಗೆ ಹೋದವಳು, ಜನರ ಜೊತೆ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ನೀಲವ್ವನನ್ನು ಕಂಡಳು. ಹತ್ತಿರ ಬಂದು ಅವಳ ಎರಡೂ ಕೈ ಹಿಡಿದು, “ನೀಲವ್ವ, ಹೊರಗ ನಡಿಯವ್ವ. ದೂರ ನಿಲ್ಲು. ಯಾರನ್ನೂ ಒಳಗ ಬಿಡಬ್ಯಾಡ” ಎಂದಳು. ಆ ಕಣ್ಣು ನೋಡಿದೊಡನೆ ನೀಲವ್ವನಿಗೆ ಎಲ್ಲ ತಿಳಿಯಿತು. “ನೀನೂ ಬಾ ದಾವಲಬಿ” ಎಂದು ಎಳೆದಳು. ದಾವಲಬಿ ಅವಳನ್ನು ಹೊಸ್ತಿಲಾಚೆ ನೂಕಿ ಕಂಬದ ಬಳಿಗೆ ಹೋದಳು. ಕೊನೆಯ ಕಲ್ಲಿಗೆಂದು ಮೇಲೆ ಬಿಟ್ಟಿದ್ದ ಕಿಂಡಿಯಲ್ಲಿ ನಸೀರನ ಮುಖ ಕಂಡಿತು.

“ಕಲ್ಲು ಇಡಲೇನು?”

“ಇಡ್ರಿ ಹುಜೂರ್. ಇಡೂಕಿಂತ ಮೊದಲು ನನ್ನ ಅಣ್ಣನ ಹೆಸರು ಒಂದ ಸಲ ಹೇಳ್ರಿ.”

“ಯಾವ ಅಣ್ಣ?” ಎಂದ ನಸೀರ. ಅವನು ಅಣಕಿಸಲಿಲ್ಲ, ನಿಜವಾಗಿಯೂ ಮರೆತಿದ್ದ ಎನ್ನುತ್ತಾರೆ.

ದಾವಲಬಿ ಕೊಡತಿ ಎತ್ತಿ ಬೆಣೆಗೆ ಹೊಡೆದಳು. ಮೊದಲ ಪೆಟ್ಟಿಗೆ ಕಂಬ ಕಿರುಗುಟ್ಟಿತು. ಮೇಲಿದ್ದವನು ಕಾಲಡಿ ಅಲುಗಿದ್ದು ತಿಳಿದು ಚೀರಿದ. ಎರಡನೆಯ ಪೆಟ್ಟಿಗೆ ಬೆಣೆ ಸಿಡಿಯಿತು. ನೆತ್ತಿ ಕುಸಿದು, ಕಲ್ಲುಗಳೊಂದಿಗೆ ನಸೀರ ತಂದೆಯ ಗೋರಿಯ ಮೇಲೆ ಬಿದ್ದ. ಅವನ ಮೇಲೆ ಉಳಿದ ಕಲ್ಲುಗಳು ಬಿದ್ದವು. ದಾವಲಬಿ ಅವುಗಳಡಿಯೇ ಮುಗಿದಳು. ಬಾಗಿಲಿನಿಂದ ಬಿಳಿಯ ದೂಳು ಹೊರನುಗ್ಗಿ ಜನರ ಮೈಮೇಲೆ ಕೂತಿತು. ಒಡೆಯನಿಲ್ಲದ ದಂಡಿನವರು ಕೋಟೆಯ ಭಂಡಾರಕ್ಕೆ ಮುಗಿಬಿದ್ದು ತಮ್ಮತಮ್ಮಲ್ಲೇ ಕಡಿದಾಡಿ, ಸತ್ತವರು ಸತ್ತು ಉಳಿದವರು ಚದುರಿದರು. ಹೆಣ ತೆಗೆಯಲು ಬಂದ ಊರವರು ಮೇಲೆ ನೋಡಿದರು. ಗಚ್ಚಿನಿಂದ ಕೂಡಿದ ಸುತ್ತುಗಳೆಲ್ಲ ಒಂದು ಕಲ್ಲೂ ಕದಲದೆ ನಿಂತಿದ್ದವು. ಕೆಳಗೆ ಮಾತ್ರ ಯಾರ ಮೈ ಎಲ್ಲಿದೆ ಎಂದು ಗುರುತಿಸುವಂತಿರಲಿಲ್ಲ. ನೀಲವ್ವ ರಾಶಿಗೆ ಅಡ್ಡ ಕೂತು, “ಅಗೀಬ್ಯಾಡ್ರಿ. ಆಕಿ ತಾನ ಹಾಸ್ಕೊಂಡ ಹಾಸಿಗಿ ಇದು” ಎಂದಳಂತೆ. ಅಂದಿನಿಂದ ಆ ಕಲ್ಲುಗಳನ್ನು ಯಾರೂ ಮುಟ್ಟಿಲ್ಲ.

ಈಗ ಹೋದರೂ ಒಳಗೆ ಆ ರಾಶಿ ಕಾಣುತ್ತದೆ. ಒಡೆದ ನೆತ್ತಿಯಿಂದ ಬಿಸಿಲು ದುಂಡಗೆ ಇಳಿದು, ಹೊತ್ತು ಸರಿದಂತೆ ಗೋಡೆಯ ಮೇಲೆ ಹತ್ತುತ್ತದೆ. ಮಳೆಗಾಲದಲ್ಲಿ ಕಲ್ಲುಗಳ ಸಂದಿಯಲ್ಲಿ ಹುಲ್ಲು ಚಿಗುರುತ್ತದೆ. ಸುತ್ತಲ ಊರಿನ ಹೆಂಗಸರು, ಯಾವ ಜಾತಿಯವರೆಂಬ ಭೇದವಿಲ್ಲದೆ, ರಾಶಿಯ ಮೇಲೆ ಹಸಿರು ಬಟ್ಟೆ ಹೊದಿಸುತ್ತಾರೆ. ಹೋದ ವರ್ಷ ದೂರದಿಂದ ಬಂದ ಒಬ್ಬರು ಹಾಗೆ ಹೊದಿಸುತ್ತಿದ್ದ ಮುದುಕಿಯನ್ನು, ಅಡಿಯಲ್ಲಿ ಆ ಕೊಲೆಗಡುಕನೂ ಇದ್ದಾನಲ್ಲ, ಇದು ಯಾರಿಗೆ ಎಂದು ಕೇಳಿದರು. ಮುದುಕಿ ಬಟ್ಟೆಯ ಅಂಚಿಗೆ ಕಲ್ಲಿಡುತ್ತಲೇ ಹೇಳಿದಳು: “ನಾವು ಹೊಚ್ಚೂದು ತಂಗಿಗಿರಿ. ಕೆಳಗಿನಾವಗೂ ಬೆಚ್ಚಗಾದ್ರ ಆಗ್ಲಿ ಬಿಡ್ರಿ.”