ತಾನೇ ನಡೆದು ಬಂದ ಗಡಿಕಲ್ಲು

ನಾಗಪುರದಲ್ಲಿದ್ದ ಅಣ್ಣನಿಗೆ ಊರಲ್ಲಿದ್ದ ಎರಡೆಕರೆ ಹೊಲ ಮಾರಿಕೊಡುವ ಹೊಣೆ, ಅಧಿಕಾರಪತ್ರದ ಸಮೇತ, ಶಾಲೆಯ ಜವಾನ ಚಿಕ್ಕೀರಯ್ಯನ ಮೇಲಿತ್ತು. ಪಕ್ಕದ ಹೊಲದ ಪಟೇಲ್ ಮರಿಯಪ್ಪನವರು ಕೊಳ್ಳುತ್ತೇನೆಂದು ಮಾತು ಕೊಟ್ಟು ವರ್ಷವಾಗಿತ್ತು. ಒಮ್ಮೆ ಆಷಾಢ, ಒಮ್ಮೆ ಮಂಡಿನೋವು ಅಂತ ನೆಪ. ಅಷ್ಟರಲ್ಲಿ ಗಡಿಕಲ್ಲು ಮಾತ್ರ ಸದ್ದಿಲ್ಲದೆ ಅಣ್ಣನ ಹೊಲದೊಳಕ್ಕೆ ಹತ್ತು ಮಾರು ನಡೆದು ಬಂದಿತ್ತು!

ಅಣ್ಣನ ಮಗಳ ಮದುವೆ ಹತ್ತಿರ ಬಂತು. ಪಟೇಲ್ರು ಮೀಸೆ ತಿರುವಿದರು.

"ಅರ್ಧ ಬೆಲೆಗಾದ್ರೆ ನಾಳೆಯೇ ರಿಜಿಸ್ಟ್ರಿ. ಇಲ್ಲಾಂದ್ರೆ ನಿಮ್ಮಣ್ಣನೇ ಬಂದು ಉಳಲಿ."

ಚಿಕ್ಕೀರಯ್ಯ ಜಗಳಕ್ಕೆ ಹೋಗಲಿಲ್ಲ. ಜೇಬಿನಿಂದ ಅಣ್ಣನ ಕಾಗದ ತೆಗೆದು ಓದತೊಡಗಿದ.

"ಮನೇಲಿ ಎಲ್ಲ ಸೌಖ್ಯವಂತೆ ಪಟೇಲ್ರೇ. ಅತ್ತಿಗೆಗೆ ಕಣ್ಣಿನ ಆಪರೇಷನ್ ಆಯ್ತಂತೆ. ಅತ್ತಿಗೆಯ ತಮ್ಮ ಸರ್ವೆ ಇಲಾಖೆಯಿಂದ ರಿಟೈರಾದನಂತೆ. 'ಹೊಲ ಮಾರೋದು ಬೇಡ, ನಾನೇ ಉಳ್ತೀನಿ' ಅಂತ ಅಳತೆಯ ಸರಪಳಿ ಹಿಡ್ಕೊಂಡು ಸೋಮವಾರ ಬರ್ತಾನಂತೆ."

ಕಾಗದದಲ್ಲಿ ಇದ್ದದ್ದು ಆಪರೇಷನ್ನಿನವರೆಗಿನ ಸುದ್ದಿ ಮಾತ್ರ.

ಪಟೇಲ್ರ ಕೈ ಮೀಸೆಯ ಮೇಲೇ ನಿಂತುಬಿಟ್ಟಿತು. "ನಾಳೆ ಶುಕ್ರವಾರ, ಒಳ್ಳೇ ದಿನ ಕಣಪ್ಪಾ. ಪೂರ್ತಿ ಬೆಲೆ ತರ್ತೀನಿ."

ರಿಜಿಸ್ಟ್ರಿ ಮುಗಿಸಿ ಹೊರಬಂದ ಮೇಲೂ ಅವರಿಗೆ ಅಳುಕು. "ಆ ಸರ್ವೆಯೋರು ಬರ್ತಾರೇನೋ?"

"ಇನ್ಯಾಕೆ ಬರ್ತಾರೆ ಪಟೇಲ್ರೇ? ಈಗ ಎರಡೂ ಕಡೆ ಹೊಲ ನಿಮ್ಮದೇ. ಕಲ್ಲನ್ನ ಎಷ್ಟು ದೂರ ಬೇಕಾದ್ರೂ ನಡೆಸ್ಕೊಳ್ಳಿ!"